ಹೊಟ್ಟೆ ತುಂಬಿದ ನೀರು

ಕೆಲವರಿಗೆ ಶನಿ ಹೆಗಲೇರುತ್ತಾನೆ, ನನ್ನ ಹೆಗಲೇರಿದ್ದು ನೀರು. ಎಪ್ಪತ್ತರ ದಶಕದಲ್ಲಿ ಅಜ್ಜಂಪುರದ ಹತ್ತಿರದ ಹಳ್ಳಿಯೊಂದರಲ್ಲಿ ಮಠದವರು ನಡೆಸುತ್ತಿದ್ದ ಹೈಸ್ಕೂಲಿಗೆ ವಿಜ್ಞಾನದ ಮೇಷ್ಟ್ರಾಗಿ ಸೇರಿದ್ದೆ. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಇನ್‌ಸ್ಪೆಕ್ಟರ್ ಸಾಹೇಬರು ಬಂದು ಪಾಠ ನೋಡಿ ಒಪ್ಪಿದರೆ ಸರಿ, ಇಲ್ಲದಿದ್ದರೆ ಕಡೂರಿನ ಬಸ್ಸು ಹತ್ತಿ ಅಪ್ಪನ ಮುಂದೆ ಹೋಗಿ ನಿಲ್ಲಬೇಕು. ಅವರು ನೋಡಬೇಕೆಂದ ಪಾಠವೋ, ನೀರಿನಲ್ಲಿ ವಸ್ತುಗಳು ಯಾಕೆ ಹಗುರಾಗುತ್ತವೆ ಎಂಬುದು. ಅಲ್ಲಿಂದ ಶುರುವಾಯಿತು ನೋಡಿ.

೧. ನೀರಿನ ಹಸಿವು

"ಆಳಕ್ಕೆ ಹೋದಷ್ಟೂ ನೀರಿನ ಒತ್ತಡ ಹೆಚ್ಚು. ಅದಕ್ಕೇ ಮುಳುಗಿಸಿದ ವಸ್ತುವನ್ನು ನೀರು ಮೇಲಿನಿಂದ ಒತ್ತುವುದಕ್ಕಿಂತ ಕೆಳಗಿನಿಂದ ಜಾಸ್ತಿ ಒತ್ತುತ್ತದೆ" ಎಂದು ವಾರವಿಡೀ ಗಂಟಲು ಹರಿದುಕೊಂಡೆ. ಕೊನೆಗೆ "ಯಾರಿಗೆ ಅರ್ಥವಾಯಿತು?" ಎಂದು ಕೇಳಿದಾಗ ಎದ್ದವಳು ಹಿಂದಿನ ಬೆಂಚಿನ ಹುಡುಗಿಯೊಬ್ಬಳೇ.

"ನೀರು ಹೊಟ್ಟೆ ತುಂಬಿದ್ರೆ ಬ್ಯಾಡ ಅಂತ ಮೇಲಕ್ಕೆ ನೂಕ್ತದೆ ಸಾ. ಹಸ್ದಿದ್ರೆ ನುಂಗ್ತದೆ."

ಇಡೀ ತರಗತಿ ಒಕ್ಕೊರಲಿನಿಂದ, "ಈಗ ಅರ್ಥ ಆಯ್ತು ಸಾ!" ಎಂದಿತು.

೨. ತಾಮ್ರದ ಕೊಡ

ನಾನು ಬಾಡಿಗೆಗಿದ್ದ ಮನೆಯ ಅಮ್ಮನವರ ತಾಮ್ರದ ಕೊಡ ಬಾವಿಗೆ ಬಿತ್ತು. ಹಗ್ಗಕ್ಕೆ ಕೊಕ್ಕೆಗಳಿರುವ ಪಾತಾಳಗರಡಿ ಕಟ್ಟಿ ನಾನೇ ಇಳಿಬಿಟ್ಟೆ. ಕೊಡ ಸಿಕ್ಕಿತು, ಹೂವೆತ್ತಿದ ಹಾಗೆ ಮೇಲೆ ಬರತೊಡಗಿತು. ಇಂಥ ಅವಕಾಶ ಬಿಡುವುದುಂಟೇ?

"ನೋಡಿ ಅಮ್ಮಾ, ಎಳೀತಿರೋದು ನಾನಲ್ಲ. ಮುಕ್ಕಾಲು ಕೆಲಸ ನೀರೇ ಮಾಡ್ತಿದೆ" ಎಂದು ಒಂದು ಕೈ ಎತ್ತಿ ಪಾಠ ಶುರು ಮಾಡಿದೆ. ಅಷ್ಟರಲ್ಲಿ ತುಂಬಿದ ಕೊಡ ನೀರಿನಿಂದ ಹೊರಗೆ ಬಂತು. ಭಾರ ಒಮ್ಮೆಲೇ ಜಗ್ಗಿ ಹಗ್ಗ, ಪಾತಾಳಗರಡಿ, ಕೊಡ ಮೂರೂ ಬಾವಿ ಸೇರಿದವು.

ಅಮ್ಮನವರು ಬಗ್ಗಿ ನೋಡಿ, "ಉಳಿದ ಕಾಲು ಕೆಲ್ಸಕ್ಕೆ ಬೇರೆ ಯಾರನ್ನಾದ್ರೂ ಕರೀತೀನಿ ಬುಡಿ ಮೇಷ್ಟ್ರೇ" ಎಂದರು.

೩. ಮೊಟ್ಟೆ ಬ್ಯಾಡ

ಸಾಹೇಬರಿಗೆ ತೋರಿಸಲು ಒಂದು ಪ್ರಯೋಗ ಯೋಚಿಸಿದ್ದೆ. ಸಪ್ಪೆ ನೀರಿನಲ್ಲಿ ಮುಳುಗುವ ಕೋಳಿಮೊಟ್ಟೆ ಗಟ್ಟಿ ಉಪ್ಪುನೀರಿನಲ್ಲಿ ತೇಲುತ್ತದೆ. ಉಪ್ಪುನೀರಿಗೆ ತೂಕ ಹೆಚ್ಚು, ಅದು ನೂಕುವುದೂ ಹೆಚ್ಚು. ಹಣೆತುಂಬ ವಿಭೂತಿಯಿದ್ದ ನಮ್ಮ ಹೆಡ್‌ಮಾಸ್ಟರು ಇದನ್ನು ಕೇಳಿ ಕುರ್ಚಿಯಿಂದಲೇ ಎದ್ದರು.

"ಶಾಲೇಲಿ ಮೊಟ್ಟೆಯೇನ್ರೀ? ಮಠಕ್ಕೆ ಸುದ್ದಿ ಹೋದ್ರೆ ಮೊದ್ಲು ಮುಳುಗೋನು ನಾನು. ಆಲೂಗಡ್ಡೆ ತೇಲ್ಸಿ!"

"ಅದು ತೇಲದಿದ್ರೆ ಸಾರ್?"

"ಪಲ್ಯಕ್ಕಾಯ್ತು."

೪. ತಪಾಸಣೆಯ ದಿನ

ಬೆಳಿಗ್ಗೆಯೇ ಗಾಜಿನ ಹೂಜಿಯಲ್ಲಿ ಉಪ್ಪು ಕದಡಿ, ಪಂಚೆಯಲ್ಲಿ ಸೋಸಿ, ತಿಳಿಯಾಗಿಸಿ ಸ್ಟಾಫ್ ರೂಮಿನಲ್ಲಿಟ್ಟೆ. ಪುಟ್ಟ ಆಲೂಗಡ್ಡೆಯೊಂದನ್ನು ತೇಲಿಸಿಯೂ ನೋಡಿದೆ. ತೇಲಿತು. ದೇವರಿಗೆ ಕೈ ಮುಗಿದೆ.

ಸಾಹೇಬರು ಬಂದು ತರಗತಿಯಲ್ಲಿ ಕೂತರು. ನಮ್ಮ ಜವಾನ ಅವರ ಮುಂದೆ ಗಾಜಿನ ಲೋಟದಲ್ಲಿ ನೀರಿಟ್ಟು, ಹೂಜಿಯನ್ನು ನನ್ನ ಮೇಜಿಗೆ ತಂದ. "ಉಪ್ಪುನೀರಿನಲ್ಲಿ ಇದು ತೇಲುತ್ತದೆ" ಎಂದು ಗತ್ತಿನಿಂದ ಹೇಳಿ ಆಲೂಗಡ್ಡೆ ಬಿಟ್ಟೆ. ಅದು ಸೀದಾ ತಳಕ್ಕೆ ಹೋಗಿ ಕೂತಿತು. ನನ್ನ ಎದೆಯೂ ಅದರ ಹಿಂದೆಯೇ ಇಳಿಯಿತು.

"ಏನ್ರೀ ಇದು?" ಎಂದ ಸಾಹೇಬರು, ಸಿಟ್ಟಿಗೆ ಬಾಯಾರಿ, ಲೋಟ ಎತ್ತಿ ದೊಡ್ಡ ಗುಟುಕೊಂದನ್ನು ಕುಡಿದರು. ಮುಖ ಹಿಂಡಿದ ನಿಂಬೆಹಣ್ಣಾಯಿತು. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎನ್ನುತ್ತಾರೆ. ಸಾಹೇಬರು ಎರಡನ್ನೂ ಒಂದೇ ಗುಟುಕಿಗೆ ಮುಗಿಸಿದ್ದರು.

ಬಾಗಿಲಲ್ಲಿದ್ದ ಜವಾನ, "ಸೋಸಿದ ನೀರು ಸಾಹೇಬ್ರಿಗೇ ಇರ್ಬೇಕು ಅಂತ ಲೋಟಕ್ಕೆ ಹುಯ್ದೆ ಸಾ. ಉಳಿದಿದ್ದು ಚೆಲ್ಲಿ, ಹೂಜಿ ತೊಳ್ದು ಹೊಸ ನೀರು ತುಂಬ್ದೆ" ಎಂದ.

ಹಿಂದಿನ ಬೆಂಚಿನ ಹುಡುಗಿ ಕುಣಿಯುತ್ತಾ ಎದ್ದಳು. "ಸಾ, ಹೊಟ್ಟೆ ತುಂಬಿದ ನೀರು ಅವ್ರ ಲೋಟದಾಗದೆ! ಅವ್ರು ಕುಡ್ಯೋದ್ರೊಳಗೆ ಆಲೂಗಡ್ಡೆ ಅಲ್ಲಿ ಬುಡಿ ಸಾ!"

ಕರವಸ್ತ್ರದಿಂದ ಬಾಯಿ ಒರೆಸಿಕೊಳ್ಳುತ್ತಾ ಸಾಹೇಬರೇ ಆಲೂಗಡ್ಡೆಯನ್ನು ಎತ್ತಿ ತಮ್ಮ ಲೋಟಕ್ಕೆ ಬಿಟ್ಟರು. ತೇಲಿತು. ಮಕ್ಕಳು ಚಪ್ಪಾಳೆ ತಟ್ಟಿದರು. ನನ್ನ ಕಣ್ಣಲ್ಲಿ ನೀರೇ ಬಂತು.

ವರದಿಯಲ್ಲಿ ಅವರು ಬರೆದದ್ದು ಎರಡೇ ಸಾಲು: "ಮೇಷ್ಟ್ರನ್ನು ಕಾಯಂ ಮಾಡಬಹುದು. ಈ ಶಾಲೆಗೆ ತಪಾಸಣೆಗೆ ಬರುವವರು ಕುಡಿಯುವ ನೀರನ್ನು ಮನೆಯಿಂದಲೇ ತರತಕ್ಕದ್ದು."