ಹನ್ನೊಂದು ಗಂಟೆ ಏಳು ನಿಮಿಷದ ನಾಗವೇಣಿ

ಆಯುಧಪೂಜೆಯ ದಿನ ಬೆಳಿಗ್ಗೆ ಹನ್ನೊಂದು ಗಂಟೆ ಏಳು ನಿಮಿಷಕ್ಕೆ ನಾನು ನಾಗವೇಣಿಯನ್ನು ಅಳಿಸಿ ಹಾಕಿದೆ.

ಗಾಬರಿಯಾಗಬೇಡಿ. ನಾಗವೇಣಿ ವಳ್ಳೂರಿನಲ್ಲಿ ಕ್ಷೇಮವಾಗಿದ್ದಾಳೆ. ನಾನು ಅಳಿಸಿದ್ದು ಅವಳ ಇ-ಮೇಲ್ ಪೆಟ್ಟಿಗೆಯನ್ನು. ಕ್ಷೇಮವಾಗಿಲ್ಲದವಳು ನಾನು.

ನಮ್ಮದು ಪಾವಗಡದಲ್ಲೊಂದು ಸಣ್ಣ ಕಚೇರಿ. ಸೋಲಾರ್ ಫಲಕಗಳ ಮೇಲಿನ ಧೂಳು ಒರೆಸುವ ಗುತ್ತಿಗೆ. ಈ ಸೀಮೆಯಲ್ಲಿ ಧೂಳಿಗೆ ಬರವಿಲ್ಲವಾದ್ದರಿಂದ ನಮಗೆ ಕೆಲಸಕ್ಕೂ ಬರವಿಲ್ಲ. ನಾಗವೇಣಿ ಅಲ್ಲಿ ಒರೆಸುವವರ ಮೇಲ್ವಿಚಾರಕಿ. ನಾನು ಎಂ.ಕಾಂ. ಓದಿದ ಕಚೇರಿ ಸಹಾಯಕಿ. ಒಮ್ಮೆ ಪ್ರಿಂಟರಿನಲ್ಲಿ ಸಿಕ್ಕಿಕೊಂಡ ಕಾಗದವನ್ನು ಎಳೆದು ತೆಗೆದಿದ್ದೆ. ಆ ಏಕೈಕ ಸಾಧನೆಯನ್ನು ಪರಿಗಣಿಸಿ ಕಚೇರಿಯ ಇ-ಮೇಲ್ ವ್ಯವಸ್ಥೆಯ ಸಮಸ್ತ ಅಧಿಕಾರವನ್ನೂ ನನಗೆ ದಯಪಾಲಿಸಲಾಗಿತ್ತು!

ಹಬ್ಬದ ಬೆಳಿಗ್ಗೆ ಮ್ಯಾನೇಜರ್ ವೀರಣ್ಣನವರು ಹಣೆ ತುಂಬ ವಿಭೂತಿ ಧರಿಸಿ ಬಂದು, "ಮೂಲೆಮೂಲೆನೂ ಕಿಲೀನ್ ಆಗ್ಬೇಕು ಕಣ್ರಮ್ಮಾ, ಪೂಜೆ ಹನ್ನೆರಡಕ್ಕೆ" ಎಂದರು. ಎಲ್ಲರೂ ಬೀರು, ಜೀಪು, ಏಣಿ ಒರೆಸಿದರು. ನಾನು ಓದಿದವಳು. ಕಂಪ್ಯೂಟರಿನ ಒಳಗನ್ನೂ ಒರೆಸಬೇಕೆಂದು ನಿಶ್ಚಯಿಸಿದೆ. ನಲವತ್ತು ದಿನದಿಂದ ತೆರೆಯದ ಪೆಟ್ಟಿಗೆಗಳನ್ನೆಲ್ಲ ಆರಿಸಿ ಒಟ್ಟಿಗೆ ಗುಡಿಸಿದೆ. ಹೆಸರು ಓದಲಿಲ್ಲ. ಕಸ ಗುಡಿಸುವಾಗ ಯಾರು ಹೆಸರು ಓದುತ್ತಾರೆ?

ಮಧ್ಯಾಹ್ನ ಮೂರೂವರೆಗೆ ನಾಗವೇಣಿಯ ಫೋನು.

"ಅಕ್ಕಾ, ನನ್ನ ಮೇಲು ಓಪನ್ನೇ ಆಗ್ತಿಲ್ಲ. ಅಂಥೋರೇ ಇಲ್ಲ ಅಂತೈತೆ. ನಾನು ಬದ್ಕಿದ್ದೀನಿ ಕಣಕ್ಕಾ!"

ಹೆಸರು ಓದದೆ ಗುಡಿಸಿದ ಕಸ ನೆನಪಾಯಿತು. ನಾಗವೇಣಿಯ ಮಗಳು ಚಿನ್ನಮ್ಮನಿಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ. ಕಿವಿಯೊಳಗೆ ಯಂತ್ರ ಕೂರಿಸುವ ಆಪರೇಷನ್ನು ಐದು ತುಂಬುವುದರೊಳಗೆ ಆಗಬೇಕು ಎಂದಿದ್ದರು ಡಾಕ್ಟರು. ಐದು ತುಂಬುವುದು ಕಾರ್ತೀಕದ ಕೊನೆಗೆ. ಆಸ್ಪತ್ರೆಯ ಓಡಾಟಕ್ಕೆಂದೇ ನಾಗವೇಣಿ ಎರಡು ತಿಂಗಳಿಂದ ರಜೆಯಲ್ಲಿದ್ದಳು. ದಿನ ಗೊತ್ತಾದ ಪತ್ರ ದಸರಾ ಹೊತ್ತಿಗೆ ಬರುತ್ತದೆಂದು ಆಸ್ಪತ್ರೆಯವರು ಹೇಳಿದ್ದರಿಂದ ಅಲ್ಲಿಯವರೆಗೆ ಪೆಟ್ಟಿಗೆ ತೆರೆದಿರಲಿಲ್ಲ. ಅವಳಿಗಿದ್ದದ್ದು ಅದೊಂದೇ ಇ-ಮೇಲ್. ಮಗುವಿನ ಸ್ಕ್ಯಾನು, ವರದಿ ಎಲ್ಲ ಅದರಲ್ಲೇ.

"ಹಬ್ಬ ಅಲ್ವೇನೇ, ಅದಕ್ಕೂ ರಜ" ಎಂದೆ. ಎಂ.ಕಾಂ. ಓದಿದವರು ಹೇಳುವ ಸುಳ್ಳೇ ಇದು?

ಅಂಗಳದಿಂದ ಒಳಗೆ ಓಡಿ ಬಂದು ನೋಡುತ್ತೇನೆ, ಕಂಪ್ಯೂಟರಿಗೆ ಚೆಂಡುಹೂವಿನ ಹಾರ, ಪರದೆಯ ಮೇಲೆ ಮೂರು ಬೆರಳ ವಿಭೂತಿ. ಬೇರೆಡೆಯಿಂದ ತೆರೆಯೋಣವೆಂದರೆ ಗುಪ್ತ ಸಂಖ್ಯೆ ಬರುವ ಕಚೇರಿಯ ಮೊಬೈಲೂ ಎರಡು ನಿಂಬೆಹಣ್ಣಿನ ನಡುವೆ ಧ್ಯಾನಸ್ಥವಾಗಿತ್ತು.

"ಸಾರ್, ಒಂದೈದು ನಿಮಿಷ..."

"ಪೂಜೆಗಿಟ್ಟ ಆಯುಧ ಮುಟ್ಬುಟ್ರೆ ಹೆಂಗಮ್ಮಾ? ನಾಳೆ ಹತ್ತಕ್ಕೆ ಇಳಿಸೋದು. ಅಂಥ ತಲೆ ಹೋಗೋ ಕೆಲ್ಸ ಏನೈತೆ?"

ತಲೆ ಹೋಗುವ ಕೆಲಸವೇ ಇತ್ತು. ಹೇಳಿದ್ದರೆ ವೀರಣ್ಣನವರೇ ಹಾರ ಕಿತ್ತೆಸೆಯುತ್ತಿದ್ದರು. ನಾನು, "ಏನಿಲ್ಲ ಸಾರ್" ಎಂದು ಮಂಡಕ್ಕಿ ಪೊಟ್ಟಣ ಹಿಡಿದು ಮನೆಗೆ ಹೋದೆ. ಈಗಲೂ ನೆನಪಾಗುವುದು ಆ ಎರಡು ಪದಗಳೇ. ಏನಿಲ್ಲ ಸಾರ್!

ವಿಜಯದಶಮಿಯ ದಿನ ಹತ್ತಕ್ಕೆ ಸರಿಯಾಗಿ ಹಾರ ಇಳಿಯಿತು. ಅಷ್ಟರಲ್ಲಿ ನಾಗವೇಣಿ ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ಬಸ್ಸಿಳಿದು ಬಂದೇಬಿಟ್ಟಳು. ನಾನು ಆತುರಕ್ಕೆ ಬಿದ್ದು ಅದೇ ಹೆಸರಿನ ಹೊಸ ಪೆಟ್ಟಿಗೆಯೊಂದನ್ನು ಸೃಷ್ಟಿಸಿದೆ. ಹಳೆಯದೆಲ್ಲ ತಾನಾಗಿ ಬಂದು ಕೂರುತ್ತದೆಂಬ ಭರವಸೆ! ತೆರೆದರೆ ಖಾಲಿ.

"ದೇವುಡಾ! ಒಂದೂ ಇಲ್ವಲ್ಲಕ್ಕಾ?"

ಆಗ ನಿಜ ಹೇಳಿದೆ. ಅವಳು ಬೈಯಲಿಲ್ಲ. ಬೈದಿದ್ದರೆ ಅವತ್ತೇ ನಿದ್ದೆ ಬರುತ್ತಿತ್ತು.

ಸಹಾಯವಾಣಿಗೆ ಫೋನು ಮಾಡಿದೆ. ಅಳಿಸಿದ್ದೆಲ್ಲ ಮೂವತ್ತು ದಿನ ಒಂದು ಪಟ್ಟಿಯಲ್ಲಿ ಜೀವ ಹಿಡಿದುಕೊಂಡಿರುತ್ತದಂತೆ. ಹುಡುಕಿ ವಾಪಸ್ ಕರೆದರಾಯಿತು. "ಶಾಶ್ವತವಾಗಿ ಅಳಿಸು ಅಂತಿರುತ್ತೆ, ಅದನ್ನ ಮಾತ್ರ ಒತ್ತಬೇಡಿ ಮೇಡಂ" ಎಂದಳು ಆ ಕಡೆಯ ಹುಡುಗಿ. ನನ್ನ ಧ್ವನಿಯಲ್ಲೇ ನನ್ನ ಯೋಗ್ಯತೆ ತಿಳಿದಿರಬೇಕು.

ವಾಪಸ್ ಕರೆದೆ. ಆ ವಿಳಾಸದಲ್ಲಿ ಈಗಾಗಲೇ ಒಬ್ಬರಿದ್ದಾರೆ ಎಂದಿತು ಕಂಪ್ಯೂಟರು. ಇದ್ದವಳು ನಾನೇ ಕೂರಿಸಿದ ಹೊಸ ನಾಗವೇಣಿ. ಅವಳನ್ನೂ ಅಳಿಸಿದೆ. ಈಗ ಪಟ್ಟಿಯಲ್ಲಿ ಇಬ್ಬರು ನಾಗವೇಣಿಯರು! ಅದೇ ಹೆಸರು, ಅದೇ ವಿಳಾಸ. ಕೆಳಗಿನವಳನ್ನು ಎಬ್ಬಿಸಿದೆ. ಖಾಲಿ. ಮತ್ತೆ ಮಲಗಿಸಿದೆ. ಮೇಲಿದ್ದವಳು ಕೆಳಗೆ, ಕೆಳಗಿದ್ದವಳು ಮೇಲೆ. ಗೊಂದಲವೇ ಬೇಡ, ಈ ಖಾಲಿಯವಳನ್ನು ಶಾಶ್ವತವಾಗಿ ಕಳಿಸಿಬಿಡೋಣ ಎಂದು ಕೆಳಗಿನವಳನ್ನು ಆರಿಸಿ, ಒತ್ತಬಾರದೆಂದು ಹೇಳಿದ ಆ ಗುಂಡಿಯನ್ನೇ ಒತ್ತಿದೆ. ನಿಜಕ್ಕೂ ಖಚಿತವೇ ಎಂದು ಅದು ಕೇಳಿತು. ನನಗೆ ಯಾವಾಗ ಖಚಿತವಿರಲಿಲ್ಲ?

ಹೌದು ಎಂದು ಒತ್ತುವಷ್ಟರಲ್ಲಿ ನಾಗವೇಣಿ ನನ್ನ ಮುಂಗೈ ಹಿಡಿದಳು. ಮೈಲಿಗಟ್ಟಲೆ ಫಲಕ ಒರೆಸಿದ ಕೈ. ಮೂಳೆ ಕಟಕ್ಕೆಂದಿತು.

"ತಾಳಕ್ಕೋ! ಪಕ್ಕದಾಗೆ ಟೈಮ್ ಹಾಕವ್ರೆ, ಓದು. ನಿನ್ನೆ ಎಷ್ಟೊತ್ಗೆ ಅಳ್ಸಿದ್ದೆ ನೀನು?"

"ಹನ್ನೆರಡರ ಪೂಜೆಗೆ ಮೊದಲು."

ಕೆಳಗಿನವಳ ಪಕ್ಕದಲ್ಲಿತ್ತು: ನಿನ್ನೆ, ಹನ್ನೊಂದು ಗಂಟೆ ಏಳು ನಿಮಿಷ.

ವೀರಣ್ಣನವರು ಮೌಸನ್ನು ನನ್ನ ಕೈಯಿಂದ ಕಿತ್ತು ನಾಗವೇಣಿಯ ಮುಂದಿಟ್ಟರು. ಚಿನ್ನಮ್ಮ ಮಾತ್ರ ಏನೂ ಆಗಿಲ್ಲವೆಂಬಂತೆ ಇಳಿಸಿದ ಹಾರದ ಹೂವು ಕೀಳುತ್ತಿದ್ದಳು.

ವಾಪಸ್ ಕರೆಯುವ ಗುಂಡಿಯನ್ನು ನಾಗವೇಣಿಯೇ ಒತ್ತಿದಳು. ಸ್ಕ್ಯಾನು, ವರದಿ ಒಂದೊಂದಾಗಿ ಮರಳಿದವು. ಆಸ್ಪತ್ರೆಯ ಪತ್ರ ಮಾತ್ರ ಬರಲಿಲ್ಲ. ಹಬ್ಬದ ದಿನವೂ ಅಲ್ಲಿ ಒಬ್ಬಾಕೆ ಫೋನು ಎತ್ತಿದಳು. "ಯಾರೋ ಬಿಟ್ಟ ಜಾಗ ಇತ್ತು, ನಾಡಿದ್ದು ಬನ್ನಿ ಅಂತ ನಿನ್ನೆ ನಾಲ್ಕು ಗಂಟೆಗೆ ಕಳಿಸಿದ್ವಿ. ವಿಳಾಸವೇ ಇಲ್ಲ ಅಂತ ವಾಪಸ್ ಬಂತು. ಮುಂದಿನ ಮಗುವಿಗೆ ಕೊಟ್ಟುಬಿಟ್ವಿ. ಇನ್ನು ದೀಪಾವಳಿ ಆದ್ಮೇಲೆ."

ನಾಲ್ಕು ಗಂಟೆ! ಆಗ ನಾನು ಮಂಡಕ್ಕಿ ತಿನ್ನುತ್ತಿದ್ದೆ.

"ಹೋಗ್ಲಿ ಬುಡಕ್ಕಾ, ಆ ಮಗೀಗಾದ್ರೂ ಆಯ್ತಲ್ಲ" ಎಂದು ನಾಗವೇಣಿ ಮಗಳನ್ನು ಎತ್ತಿಕೊಂಡು ಬಸ್ಸಿಗೆ ಹೊರಟಳು.

ಅಂದಿನಿಂದ ನನಗೆ ನಿದ್ದೆ ಇಲ್ಲ. ಕಣ್ಣು ಮುಚ್ಚಿದರೆ ನಿಜಕ್ಕೂ ಖಚಿತವೇ ಎಂದು ಯಾರೋ ಕೇಳುತ್ತಿದ್ದರು. ನನ್ನ ಗಂಡ ಲೋಕೇಶ, "ಗ್ಯಾಸ್ ಆಫ್ ಮಾಡಿದೀಯಾ?" ಎಂದರೂ ನಾನು ಬೆವರುತ್ತಿದ್ದೆ. ದೀಪಾವಳಿ ಕಳೆಯಿತು. ಕಾರ್ತೀಕ ಮುಗಿಯುವುದಕ್ಕೆ ನಾಲ್ಕು ದಿನವಿದ್ದಾಗ ಆಪರೇಷನ್ ಆಯಿತು. ಗಾಯ ಮಾಗಿದ ಮೇಲೆ, ಒಂದು ಸೋಮವಾರ, ಯಂತ್ರ ಚಾಲೂ ಮಾಡಿದರು.

ಸಂಜೆ ನಾಗವೇಣಿಯ ಫೋನು. ಬಹಳ ಹೊತ್ತು ಅಳು. ಆಮೇಲೆ, "ತಿರುಗಿ ನೋಡಿದ್ಲು ಕಣಕ್ಕಾ. ಬಳೆ ಸದ್ದಿಗೆ."

ಆ ಸೋಮವಾರ ಉಂಡವಳೇ ಹಾಸಿಗೆಗೆ ಬಿದ್ದೆ. ಎದ್ದಾಗ ಬೆಳಿಗ್ಗೆ ಎಂಟು. ಲೋಕೇಶ ಕೆಂಪು ಕಣ್ಣು ಬಿಟ್ಟುಕೊಂಡು ಗೋಡೆಗೆ ಒರಗಿ ಕೂತಿದ್ದ.

"ಯಾಕ್ರೀ, ನಿದ್ದೆ ಬರಲಿಲ್ವಾ?"

"ಏನು ಗೊರಕೆನೇ ಅದು! ವಳ್ಳೂರಿಗೂ ಕೇಳಿಸಿರುತ್ತೆ. ಪಾಪ, ಆ ಮಗು ಕಿವಿ ಬಂದ ಮೊದಲನೇ ರಾತ್ರಿನೇ ಇದನ್ನ ಕೇಳಿಸ್ಕೋಬೇಕಾಯ್ತಲ್ಲ!"