ಉಸಿರು ಅಳೆಯುವ ಅತ್ತೆ

ನಮ್ಮ ಸೋದರತ್ತೆ ಊರವರ ಉಸಿರು ಅಳೆದು ಹೊಟ್ಟೆ ಹೊರೆಯುತ್ತಾಳೆ. ಹೀಗೆಂದ ಕೂಡಲೇ ಮಾಟಗಾತಿಯೋ ಏನೋ ಎಂದು ಹೆದರಬೇಡಿ! ಅಂಗಡಿ, ಬ್ಯಾಂಕು, ನರ್ಸಿಂಗ್ ಹೋಮು, ಛತ್ರಗಳ ಒಳಗಿನ ಗಾಳಿಯನ್ನು ಪರೀಕ್ಷಿಸಿ, ಕೆಟ್ಟಿದ್ದರೆ ಸರಿಪಡಿಸುವ ದಾರಿ ಹೇಳುವ ಮೈಸೂರಿನ ಒಂದು ಕಂಪನಿಯಲ್ಲಿ ಅವಳಿಗೆ ಕೆಲಸ. ಚಾಮರಾಜನಗರ, ಗುಂಡ್ಲುಪೇಟೆ ಎರಡೂ ಅವಳ ಪಾಲಿಗೆ ಬಂದಿವೆ. ಮೊದಲು ಕಾಲೇಜಿನ ಲ್ಯಾಬಿನಲ್ಲಿ ಸಹಾಯಕಿಯಾಗಿದ್ದವಳು ಮಾವ ತೀರಿಕೊಂಡ ಮೇಲೆ ಇದಕ್ಕೆ ಸೇರಿದಳು.

"ಅಲ್ಲಿ ಸಂಜೆ ನಾಕಕ್ಕೆಲ್ಲ ಮನೆಗೆ ಬಂದ್ಬುಡ್ಬೇಕು ಕಣಮ್ಮಿ. ಬಂದು ಯಾರ್ನ ಮಾತಾಡ್ಸನ? ಜನ ಇರೋ ಕಡೆ ಓಯ್ತಿನಿ" ಎಂದಿದ್ದಳು.

ಜನ ಇರುವ ಕಡೆ ಹೋದಳು, ನಿಜ. ಆದರೆ ಆ ಜನವೇ ಅವಳನ್ನು ಕಂಡರೆ ಓಡುತ್ತಾರಲ್ಲ!

ಓಡದೆ ಏನು ಮಾಡುತ್ತಾರೆ ಹೇಳಿ? ಅವಳ ಬ್ಯಾಗಿನಲ್ಲಿ ಬೆಲ್ಲದಚ್ಚಿನಷ್ಟು ದೊಡ್ಡದೊಂದು ಮೀಟರು ಸದಾ ಇರುತ್ತದೆ. ಮುಚ್ಚಿದ ಕೋಣೆಯಲ್ಲಿ ಜನ ಬಿಟ್ಟ ಉಸಿರು ಹೊರಗೆ ಹೋಗದೆ ತುಂಬಿಕೊಂಡರೆ ಅದರ ಹಸಿರು ದೀಪ ಹಳದಿಯಾಗುತ್ತದೆ, ಆಮೇಲೆ ಕೆಂಪಾಗಿ ಕೀ ಕೀ ಎಂದು ಅರಚುತ್ತದೆ. ಹೋಟೆಲಿನಲ್ಲಿ ದೋಸೆ ಬಂದರೆ ನಾವೆಲ್ಲ ಚಟ್ನಿ ನೋಡುತ್ತೇವೆ, ಅತ್ತೆ ಮೀಟರು ನೋಡುತ್ತಾಳೆ. ಒಮ್ಮೆ ಹೋಟೆಲಿನ ಮಾಲೀಕ ತಡೆಯಲಾರದೆ ಕೇಳಿಯೇಬಿಟ್ಟ.

"ಅಮ್ಮಾವ್ರೆ, ತಿನ್ನಕ್ ಬಂದಿದ್ದೀರೋ, ಉಸ್ರಾಡಕ್ ಬಂದಿದ್ದೀರೋ?"

"ಎರಡ್ಕೂ ಕಣಪ್ಪ. ನಿನ್ ದ್ವಾಸೆ ಚೆಂದಾಗದ. ಗಾಳಿ ಮಾತ್ರ ಹಳಸೋಗದ!"

ಚಾಮರಾಜನಗರದ ಒಂದು ಎ.ಸಿ. ಬಟ್ಟೆ ಅಂಗಡಿಯಲ್ಲಿ ಸೀರೆ ತೋರಿಸುವ ಹೆಣ್ಣುಮಕ್ಕಳಿಗೆಲ್ಲ ಮಧ್ಯಾಹ್ನವಾದರೆ ತಲೆನೋವು, ತೂಕಡಿಕೆ. "ರಾತ್ರಿಯೆಲ್ಲ ಮೊಬೈಲ್ ನೋಡ್ತವೆ, ಇನ್ನೇನಾದದು?" ಎಂದು ಯಜಮಾನರು ಬೈದುಕೊಂಡೇ ಇದ್ದರು. ಯಾವಾಗ ಗಿರಾಕಿಗಳೂ ರೇಷ್ಮೆ ಸೀರೆ ಹಿಡಿದುಕೊಂಡೇ ಆಕಳಿಸತೊಡಗಿದರೋ, ಆಗ ಕಂಪನಿಗೆ ಫೋನ್ ಹೋಯಿತು. ಅತ್ತೆ ಬಂದು ಎ.ಸಿ. ಜಾಲರಿ ಬಿಚ್ಚಿದರೆ ಧೂಳು ಕಂಬಳಿಯ ಹಾಗೆ ಎದ್ದು ಬಂತು. ಒಳಗಿನ ಗಾಳಿಯನ್ನು ಆಚೆಗೆ ತಳ್ಳುವ ಫ್ಯಾನುಗಳು ಮಾತ್ರ ಎಲ್ಲೂ ಕಾಣಲಿಲ್ಲ. ಹುಡುಕಿ ಹುಡುಕಿ ಕೊನೆಗೆ 'ಭಾರಿ ರಿಯಾಯಿತಿ' ಎಂಬ ಆಳೆತ್ತರದ ಹಲಗೆ ಸರಿಸಿದರೆ, ಅಲ್ಲಿದ್ದವು!

"ಏನ್ ಯಜಮಾನ್ರೆ, ಸೀರೆಗೆಲ್ಲ ರಿಯಾಯ್ತಿ ಕೊಟ್ಟು, ಉಸ್ರಿಗೆ ಒಸಿ ಕೊಡ್ಬಾರ್ದಾಗಿತ್ತಾ?"

ಹಲಗೆ ಹೋಯಿತು, ಜಾಲರಿ ತೊಳೆದದ್ದಾಯಿತು, ಹೊರಗಿನ ಗಾಳಿ ಒಳಗೆ ಬರಲು ಕೊಳವೆ ಕೂಡಿಸಿದ್ದಾಯಿತು. ತಲೆನೋವು ನಿಂತಿತು. ಕೆಲವು ವಾರಗಳ ನಂತರ ನಾನೂ ಅತ್ತೆಯೂ ಸೀರೆ ಕೊಳ್ಳಲು ಅದೇ ಅಂಗಡಿಗೆ ಹೋದೆವು. ಹುಡುಗಿಯರು ನಗುನಗುತ್ತಾ ಸೀರೆ ಹರವಿದರು. ಅತ್ತೆಯ ಗುರುತು ಒಬ್ಬಳಿಗೂ ಸಿಗಲಿಲ್ಲ. "ಗಾಳಿ ನೆಟ್ಟಗಾದ್ಮೇಲೆ ಗಾಳಿನೂ ಮರ್ತೋಯ್ತಾರೆ, ನಮ್ಮುನ್ನೂ ಮರ್ತೋಯ್ತಾರೆ ಕಣಮ್ಮಿ" ಎಂದು ಅತ್ತೆ ನಕ್ಕಳು. ನಾನೂ ನಕ್ಕೆ.

ಮರೆಯದವರೂ ಇದ್ದಾರೆ, ನಮ್ಮ ನೆಂಟರು! ಗುಂಡ್ಲುಪೇಟೆಯ ಹೊಸ ಎ.ಸಿ. ಛತ್ರದಲ್ಲಿ ನಮ್ಮ ಚಿಕ್ಕಪ್ಪನ ಮಗಳ ಮದುವೆ. ಗಂಡು ತಾಳಿ ಎತ್ತಿಕೊಂಡ. ಆ ಹೊತ್ತಿಗೆ ಸರಿಯಾಗಿ ಅತ್ತೆಯ ಬ್ಯಾಗು ಕೀ ಕೀ ಎಂದಿತು. ಯಾರದೋ ಫೋನೆಂದು ಎಲ್ಲರೂ ಎಲ್ಲರನ್ನೂ ದುರುಗುಟ್ಟಿ ನೋಡುತ್ತಿರುವಾಗ, ಅತ್ತೆ ಸದ್ದಿಲ್ಲದೆ ಎದ್ದು ಹೋಗಿ ಹಿಂಬದಿಯ ಕಿಟಕಿಗಳನ್ನೆಲ್ಲ ತೆರೆದಳು. ಬಂಡೀಪುರದ ಮಗ್ಗುಲ ಊರು ನೋಡಿ, ಮೊದಲು ಒಳಗೆ ಬಂದದ್ದು ಗಾಳಿಯಲ್ಲ, ಕೋತಿ! ಒಂದರ ಹಿಂದೆ ಒಂದು ಬಂದವು. ತಟ್ಟೆಯ ಬಾಳೆಹಣ್ಣು ಹೋಯಿತು, ಗಂಡಿನ ಪೇಟವೂ ಹೋಯಿತು.

"ಯಾರ್ಲಾ ಅವ್ನು ಕಿಟ್ಕಿ ತೆಗ್ದೋನು?" ಎಂದು ಗಂಡಿನ ತಂದೆ ಗುಡುಗಿದರು.

ಅತ್ತೆ ಮೀಟರನ್ನು ಎತ್ತಿ ಹಿಡಿದು ಹೆಮ್ಮೆಯಿಂದ ಹೇಳಿದಳು: "ನಾನು ಕಣಣ್ಣ. ನೋಡು, ಈಗ ಹಸ್ರು ಬಂತು!"

ಅಲ್ಲಿಗೆ ನೆಂಟರಿಷ್ಟರು ಅವಳನ್ನು ಕರೆಯುವುದನ್ನೇ ಬಿಟ್ಟರು. ಗೃಹಪ್ರವೇಶ, ನಾಮಕರಣ ಒಂದಕ್ಕೂ ಇಲ್ಲ. ಅತ್ತೆ ಯಾರನ್ನೂ ದೂರಲಿಲ್ಲ. ಮೊಬೈಲಿನಲ್ಲಿ ಬರುವ ಫೋಟೊಗಳನ್ನು ದೊಡ್ಡದು ಮಾಡಿ, ಒಂದೊಂದು ಮುಖವನ್ನೂ ನೋಡಿ, ಕೊನೆಗೆ "ಕಿಟ್ಕಿ ಎಲ್ಲ ಮುಚ್ಬುಟ್ಟವ್ರೆ" ಎನ್ನುತ್ತಿದ್ದಳು. ಅಷ್ಟೇ.

ಹೋದ ತಿಂಗಳು ನನ್ನ ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಗುಂಡ್ಲುಪೇಟೆಯ ಅವಳ ಮನೆಗೆ ಹೋಗಿದ್ದೆ. ಮಧ್ಯಾಹ್ನ ಜೋರು ಮಳೆ. ಇರಚಲು ಬಡಿಯುತ್ತದೆಂದು ಬಾಗಿಲು ಕಿಟಕಿಯೆಲ್ಲ ಮುಚ್ಚಿದೆವು. ಮಕ್ಕಳು ಆ ಪುಟ್ಟ ನಡುಮನೆಯಲ್ಲಿ ಕುಣಿದು, ಕಿರುಚಿ, ಅತ್ತೆಯನ್ನೂ ಎಬ್ಬಿಸಿ ಕುಣಿಸಿದರು. ಎಲ್ಲರೂ ಸುಸ್ತಾಗಿ ಕೂತಾಗ ನೋಡಿದರೆ, ಅತ್ತೆ ಬ್ಯಾಗಿನಿಂದ ತೆಗೆದು ಟಿ.ವಿ. ಪಕ್ಕ ಇಟ್ಟಿದ್ದ ಮೀಟರಿನಲ್ಲಿ ಹಳದಿ ದೀಪ!

ಮಳೆ ನಿಂತಿತ್ತು. ನಾನು ಎದ್ದು ಕಿಟಕಿಯ ಚಿಲಕಕ್ಕೆ ಕೈ ಹಾಕಿದೆ.

"ಇರ್ಲಿ ಬುಡಮ್ಮಿ, ತೆಗೀಬ್ಯಾಡ."

"ಅಯ್ಯೋ ಅತ್ತೆ, ಹಳದಿ ಬಂದಿದೆ. ನೀನೇ ಹೀಗನ್ನುತ್ತೀಯಲ್ಲ!"

ಅತ್ತೆ ಮೀಟರನ್ನೇ ನೋಡುತ್ತಿದ್ದಳು. ಚಿಕ್ಕವಳು ಅವಳ ತೊಡೆಯ ಮೇಲೆ ತಲೆಯಿಟ್ಟು ಇನ್ನೂ ಏದುಸಿರು ಬಿಡುತ್ತಿದ್ದಳು.

"ನಿಮ್ಮಾವ ಹೋದ್ಮೇಲೆ ಬಂದದ್ದು ಇದು. ಈ ಮನೇಲಿ ಒಂದಿನಾನೂ ಹಸ್ರು ಬುಟ್ಟು ಅಲ್ಲಾಡೇ ಇರ್ನಿಲ್ಲ" ಎಂದಳು. "ಒಸಿ ಹೊತ್ತು ಇರ್ಲಿ."

ನಾನು ಚಿಲಕ ಬಿಟ್ಟು ಬಂದು, ಅವಳಿಗೆ ಒತ್ತಿಕೊಂಡು ಕುಳಿತೆ.