ಮೆಕ್ಕೆಜೋಳದ ಪಂಕ್ತಿಭೇದ

ಪರಶುರಾಮನ ಕಷ್ಟಕ್ಕೆ ಕಾರಣವಾದದ್ದು ಒಂದು ಗುಂಟೆ ಮೆಕ್ಕೆಜೋಳ. ಅದು ಒಣಗಿರಬೇಕಿತ್ತು. ಒಣಗಿರಲಿಲ್ಲ.

ಬೆಳೆ ಒಣಗಿದರೆ ತಲೆಯ ಮೇಲೆ ಕೈ ಹೊತ್ತು ಕೂರುವವರು ಬೇಕಾದಷ್ಟು ಮಂದಿ ಇದ್ದಾರೆ. ಬೆಳೆ ಹಸಿರಾಗಿದೆಯಲ್ಲಪ್ಪಾ ಎಂದು ಬೆಳಿಗ್ಗೆ ಎಂಟು ಗಂಟೆಗೆ ಸೊಕ್ಕೆ ಊರಿನ ಹೊಲದ ಬದುವಿನ ಮೇಲೆ ಹಾಗೆ ಕೂತವನು ಬಹುಶಃ ಇವನೊಬ್ಬನೇ ಇರಬೇಕು.

ಪರಶುರಾಮ ಜಗಳೂರಿನವನು, ಸಂಶೋಧನಾ ಕೇಂದ್ರವೊಂದರಲ್ಲಿ ಗುತ್ತಿಗೆಯ ಮೇಲೆ ಕ್ಷೇತ್ರ ಸಹಾಯಕ. ಮಣ್ಣಿಗೆ ಬೆರೆಸಿದರೆ ನೀರನ್ನು ಹಿಡಿದಿಟ್ಟುಕೊಂಡು ಬೇರಿಗೆ ಸ್ವಲ್ಪಸ್ವಲ್ಪವೇ ಬಿಡುವ ಒಂದು ಪುಡಿಯನ್ನು ಅಲ್ಲಿನ ವಿಜ್ಞಾನಿ ಸಂಧ್ಯಾರಾಣಿ ಐದು ವರ್ಷ ಪಟ್ಟುಹಿಡಿದು ತಯಾರಿಸಿದ್ದರು. ಅದರ ಪರೀಕ್ಷೆಗೆಂದು ಉಚ್ಚಂಗೆಮ್ಮನ ಹೊಲದಲ್ಲಿ ಅಕ್ಕಪಕ್ಕ ಎರಡು ತಾಕು ಮಾಡಿ ಮೆಕ್ಕೆಜೋಳ ಬಿತ್ತಿದ್ದರು. ಬೀಜ ಒಂದೇ, ಗೊಬ್ಬರ ಒಂದೇ, ಮಳೆ ಬಿಟ್ಟರೆ ಬೇರೆ ನೀರಿಲ್ಲ. ಒಂದು ತಾಕಿಗೆ 'ಅ' ಚೀಲದ ಪುಡಿ, ಇನ್ನೊಂದಕ್ಕೆ 'ಬ' ಚೀಲದ್ದು. ಒಂದು ಚೀಲದಲ್ಲಿ ನಿಜವಾದ ಪುಡಿ, ಇನ್ನೊಂದರಲ್ಲಿ ಹೋಲಿಕೆಗೆಂದು ತುಂಬಿದ ಕೆಲಸಕ್ಕೆ ಬಾರದ ವಸ್ತು.

ಯಾವುದರಲ್ಲಿ ಯಾವುದು ಎಂದು ಮೇಡಂ ಹೇಳಿರಲಿಲ್ಲ. ಪರಶುರಾಮನಿಗೆ ಕೇಳಬೇಕೆಂದೂ ಅನ್ನಿಸಿರಲಿಲ್ಲ. 'ಅ' ಚೀಲದ್ದು ಸಕ್ಕರೆಯ ಹಾಗೆ ಬೆಳ್ಳಗೆ ಮಿನುಗುತ್ತಿತ್ತು. 'ಬ' ಚೀಲದ್ದು ಕಂದು ಬಣ್ಣದ ಹೊಟ್ಟಿನಂತಿತ್ತು. ಇದರಲ್ಲಿ ಕೇಳುವುದೇನಿದೆ? ಬಿತ್ತನೆಯ ದಿನ ಸುತ್ತ ನಿಂತ ಊರವರಿಗೆ, "ಅ ಅನ್ನೋದ್ರಾಗೆ ಔಷಧಿ ಐತೆ, ಬ ಅನ್ನೋದ್ರಾಗೆ ಬರೀ ಹೊಟ್ಟು" ಎಂದು ದೊಡ್ಡ ವಿಜ್ಞಾನಿಯಂತೆ ಸಾರಿದ್ದ. ಊರು ಅವನಿಗೆ 'ಪುಡಿ ಸಾರ್' ಎಂದು ನಾಮಕರಣ ಮಾಡಿತ್ತು.

ಎರಡು ತಾಕುಗಳ ನಡುವೆ ಒಂದು ಕಂಬ, ಕಂಬದ ಮೇಲೊಂದು ಪೆಟ್ಟಿಗೆ, ಪೆಟ್ಟಿಗೆಯೊಳಗೊಂದು ಸಿಮ್ಮು. ಅಲ್ಲಿಂದ ಇಳಿದ ವೈರುಗಳ ತುದಿಯ ಎರಡು ಕಡ್ಡಿಗಳು ಮಣ್ಣಿನ ತೇವವನ್ನು ಅಳೆದು ಗಂಟೆಗೊಮ್ಮೆ ಅವನ ಮೊಬೈಲಿಗೂ ಕೇಂದ್ರದವರ ಮೊಬೈಲಿಗೂ ಕಳಿಸುತ್ತಿದ್ದವು. ಮಳೆ ಕೈಕೊಟ್ಟ ಈ ಇಪ್ಪತ್ತು ದಿನ ಪರಶುರಾಮನನ್ನು ಸಾಸ್ವೆಹಳ್ಳಿಯ ಭತ್ತದ ಕೆಲಸಕ್ಕೆ ಹಾಕಿದ್ದರು. 'ಬ' ತಾಕು ಒಲೆಯ ಬೂದಿಯಷ್ಟು ಒಣಗಿದೆ, 'ಅ' ತಾಕು ಅದಕ್ಕಿಂತ ವಾಸಿ ಎಂದು ಕಂಬ ದಿನವೂ ವರದಿ ಒಪ್ಪಿಸುತ್ತಿತ್ತು. ಅವನು ಅಲ್ಲಿಂದಲೇ ನೋಡಿ ನಿಶ್ಚಿಂತೆಯಾಗಿದ್ದ.

ಈ ದಿನ ನಾಲ್ಕು ಗಂಟೆಗೆ ಸಂಧ್ಯಾರಾಣಿ ಮೇಡಂ ಮತ್ತು ಕೇಂದ್ರದ ಮುಖ್ಯಸ್ಥ ಗುರುಬಸವರಾಜ್ ಬೆಳೆ ನೋಡಲು ಬರುವವರಿದ್ದರು. ಪರಶುರಾಮನ ಗುತ್ತಿಗೆ ತಿಂಗಳ ಕೊನೆಗೆ ಮುಗಿಯುತ್ತಿತ್ತು. ಪ್ರಯೋಗ ಗೆದ್ದರೆ ಕೆಲಸ ಮುಂದುವರಿಯುತ್ತದೆ, ಸೋತರೆ ಮನೆ. ಹೀಗಿರುವಾಗ ಬಂದು ನೋಡಿದರೆ ಔಷಧಿಯ 'ಅ' ತಾಕು ಬಾಡಿ ಸುರುಳಿ ಸುತ್ತಿಕೊಂಡಿದೆ, ಹೊಟ್ಟಿನ 'ಬ' ತಾಕು ಆಳೆತ್ತರ ನಿಂತು ನಗುತ್ತಿದೆ!

"ಉಚ್ಚಂಗೆವ್ವಾ! ಏನ್ರಿ ಇದು, ಈ ಜೋಳ ಯಾಕ್ ಹಿಂಗೈತೆ?"

ಹೊಲದ ಒಡತಿ ಉಚ್ಚಂಗೆಮ್ಮ ಸೊಂಟದ ಮೇಲೆ ಕೊಡ ಇಟ್ಟುಕೊಂಡೇ ಬಂದಳು. "ಹೆಂಗೈತೆ ಸಾರ್? ಚೆನ್ನಾಗೈತಲ್ಲ!"

"ಅದೇ ನಾನೂ ಕೇಳ್ತಿರೋದು. ಯಾಕೆ ಚೆನ್ನಾಗೈತೆ?"

"ನೀರು ಹಾಕೀವಲ್ಲ! ನಾನು, ಲಕ್ಷ್ಮಕ್ಕ, ಕರಿಯಕ್ಕ, ಚೌಡಮ್ಮ, ತೊಟ್ಟಿ ಕಡೆ ಬಂದೋರೆಲ್ಲ ದಿನಾ ನಾಲ್ಕು ನಾಲ್ಕು ಕೊಡ ಹೊಯ್ದೀವಿ. ಅಲ್ಲ ಸಾರ್, ಒಂದೇ ಸಾಲಿನಾಗೆ ಊಟಕ್ಕೆ ಕುಂತ ಇಬ್ರಲ್ಲಿ ಒಬ್ರ ಎಲೆಗೆ ಪಾಯಸ ಬಡಿಸಿ, ಇನ್ನೊಬ್ರ ಎಲೆಗೆ ಹೊಟ್ಟು ಹಾಕ್ತಾರೇನ್ರಿ? ಪಂಕ್ತಿಭೇದ ಮಾಡಿದ್ರೆ ಏಳು ಜನ್ಮಕ್ಕೂ ಬಿಡಲ್ಲ ಆ ಪಾಪ. ನಮ್ಮ ಹೊಲದಾಗೆ ಅದು ಆಗಾಕೆ ಬಿಡ್ತೀವಾ?"

"ಮತ್ತೆ ಆ ಕಡ್ಡಿ? ಅದು ಒಣ ಅಂತ ತೋರಿಸ್ತಿತ್ತಲ್ರೀ!"

"ಕರೆಂಟಿನ ಸಾಮಾನು, ನೀರು ಸೋಕಬಾರ್ದು ಅಂತ ನೀವೇ ಹೇಳಿದ್ರಲ್ಲ. ಮೊದಲ್ನೇ ದಿನಾನೇ ಕಿತ್ತು ಬದುವಿನ ಮ್ಯಾಲೆ ನೆಟ್ಟೀವಿ. ಒಂದು ಹನಿ ಬಿದ್ದಿದ್ರೆ ಕೇಳ್ರಿ!" ಎಂದು ತೋರಿಸಿದಳು. ಬಿಸಿಲಿಗೆ ಬೆಂದ ಬದುವಿನ ಮೇಲೆ ಲಕ್ಷಣವಾಗಿ ನಿಂತಿದ್ದ ಕಡ್ಡಿಗೆ ಅರಿಶಿನ ಕುಂಕುಮವೂ ಬಿದ್ದಿತ್ತು.

ಪರಶುರಾಮನಿಗೆ ಸಿಟ್ಟು ನೆತ್ತಿಗೇರಿತು. ಆದರೆ ಯಾರ ಮೇಲೆ ಅದನ್ನು ತೀರಿಸಿಕೊಳ್ಳುವುದು? ಕದ್ದವರನ್ನು ಬಯ್ಯಬಹುದು, ಕೆಡಿಸಿದವರನ್ನು ಬಯ್ಯಬಹುದು. ಬಿಸಿಲಲ್ಲಿ ನೀರು ಹೊತ್ತು ಪುಣ್ಯ ಕಟ್ಟಿಕೊಂಡವರನ್ನು ಬಯ್ಯಲು ಅವನಿಗೆ ಬಾಯಿ ಬರಲಿಲ್ಲ. ಮೇಡಂಗೆ ಇದ್ದದ್ದನ್ನು ಇದ್ದಹಾಗೆ ಹೇಳಿಬಿಡುವುದೇ ಸರಿ ಎಂದು ಮೊಬೈಲು ತೆಗೆದ. ಸಿಗ್ನಲ್ಲಿಲ್ಲ. ಗಂಟೆಗೊಮ್ಮೆ ಊರಾಚೆಗೆ ಮಣ್ಣಿನ ಸಮಾಚಾರ ಕಳಿಸುವ ಕಂಬದ ಬುಡದಲ್ಲೇ ನಿಂತರೂ ಅವನ ಮೊಬೈಲಿಗೆ ಒಂದು ಗೆರೆಯೂ ಮೂಡಲಿಲ್ಲ. "ತೊಟ್ಟಿ ಕಟ್ಟೆ ಹತ್ರಿ, ಅಲ್ಲಿ ಸಿಗ್ತೈತೆ" ಎಂದಳು ಉಚ್ಚಂಗೆಮ್ಮ.

ದನ ನೀರು ಕುಡಿಯುವ ತೊಟ್ಟಿಯ ಕಟ್ಟೆ ಹತ್ತಿ, ಒಂಟಿ ಕಾಲಿನಲ್ಲಿ ನಿಂತು ಕೈ ಮೇಲೆತ್ತಿದಾಗ ಕರೆ ಸೇರಿತು.

"ಮೇಡಂ, ಒಂದು ವಿಷಯ ಹೇಳ್ಬೇಕಿತ್ತು..."

"ಪರಶುರಾಮ್, ನಾಲ್ಕಕ್ಕೆ ಸರಿಯಾಗಿ ಬರ್ತೀವಿ. ಲಕೋಟೆ ತರ್ತಿದ್ದೀನಿ, ಗುರುಬಸವರಾಜ್ ಸರ್ ಅಲ್ಲೇ ಎಲ್ಲರೆದುರಿಗೆ ಒಡೀತಾರೆ. 'ಅ' ತಾಕು, 'ಬ' ತಾಕು ಎರಡೂ ಅವರಿಗೆ ಸರಿಯಾಗಿ ಕಾಣೋ ಹಾಗಿರ್ಲಿ. ನಿಮ್ಮ ಭವಿಷ್ಯಾನೂ ಇದರಲ್ಲೇ ಇದೆ!"

ಕರೆ ಕಡಿಯಿತು. ಪರಶುರಾಮನ ಕಾಲೂ ಜಾರಿತು. ಮೊಣಕಾಲುದ್ದ ತೊಟ್ಟಿಯ ನೀರಿನಲ್ಲಿ ನಿಂತು ಅವನು ಆ ಲಕೋಟೆಯ ಬಗ್ಗೆ ಯೋಚಿಸಿದ. ಭವಿಷ್ಯ ಎಂದರು. ಹಾಗಾದರೆ ಅದರಲ್ಲಿರುವುದು ಗುತ್ತಿಗೆ ಮುಂದುವರಿಸುವ ಆದೇಶವೇ! ಸತ್ಯ ಹೇಳುವ ಆಸೆ ಅಲ್ಲಿಗೆ ಆರಿಹೋಯಿತು.

ಪರಿಹಾರ ಬಹಳ ಸುಲಭವಾಗಿತ್ತು. ತಾಕುಗಳ ಮುಂದಿನ ಎರಡು ಬೋರ್ಡುಗಳನ್ನು ಅದಲುಬದಲು ಮಾಡಿದರೆ ಮುಗಿಯಿತು. ಹಸಿರು ತಾಕು 'ಅ' ಆಗುತ್ತದೆ, ಬಾಡಿದ್ದು 'ಬ' ಆಗುತ್ತದೆ. ಬಿತ್ತನೆಗೆ ಮೇಡಂ ಬಂದಿರಲಿಲ್ಲ, ಯಾವ ಪಕ್ಕದಲ್ಲಿ ಯಾವುದಿತ್ತೆಂದು ಅವರಿಗೇನು ಗೊತ್ತು?

ಮೊದಲ ಬೋರ್ಡು ಅರ್ಧ ಮೇಲೆ ಬರುವಷ್ಟರಲ್ಲಿ ಪಕ್ಕದ ಹೊಲದ ಪಂಚಾಕ್ಷರಪ್ಪ ಪ್ರತ್ಯಕ್ಷನಾದ.

"ಏನ್ ಪುಡಿ ಸಾರ್, ಬೋರ್ಡು ಕೀಳಾಕೆ ಹತ್ತೀರಿ?"

"ವಾಸ್ತು, ಯಜಮಾನ್ರೇ. ದಿಕ್ಕು ಸರಿ ಇರ್ಲಿಲ್ಲ" ಎಂದುಬಿಟ್ಟ ಪರಶುರಾಮ.

ಆನೆಗೆ ಕಬ್ಬಿನ ತೋಟ ತೋರಿಸಿದಂತಾಯಿತು. ಜಗಳೂರು ಸೀಮೆಯಲ್ಲಿ ಪಂಚಾಕ್ಷರಪ್ಪ ದಿಕ್ಕು ತಿರುಗಿಸದ ಬಾಗಿಲಿರಲಿಲ್ಲ. ಹಗ್ಗ ತಂದ, ಗೂಟ ತಂದ, ಸೂರ್ಯನನ್ನು ನೋಡಿ ಗೆರೆ ಎಳೆದ. ಒಂದು ಗೇಣು ಆಚೆ ಎಂದ, ಎರಡು ಬೆರಳು ಈಚೆ ಎಂದ. ಬೋರ್ಡು ನೆಡಲು ರಾಹುಕಾಲ ಕಳೆಯಲಿ ಎಂದು ಮುಕ್ಕಾಲು ಗಂಟೆ ಕಾಯಿಸಿದ. ಒಂದು ಗುಂಟೆ ಬೆಳೆಗೆ ಅರಮನೆಯ ಪಾಯ ತೆಗೆದಂತೆ ತೆಗೆದು, ಕೊನೆಗೆ ಎರಡು ಬೋರ್ಡುಗಳೂ ಜಾಗ ಬದಲಾಯಿಸಿ ನಿಂತವು. ಕಡ್ಡಿಗಳನ್ನೂ ಅದಕ್ಕೆ ತಕ್ಕಂತೆ ಚುಚ್ಚಿದ್ದಾಯಿತು.

ಅಷ್ಟರಲ್ಲಿ ಹಸಿರು ತಾಕಿನ ಕೆಸರು ಕಣ್ಣಿಗೆ ಬಿತ್ತು. ಇಪ್ಪತ್ತು ದಿನ ಮಳೆಯಿಲ್ಲದ ನೆಲದಲ್ಲಿ ಕೆಸರು! ಪರಶುರಾಮ ಬುಟ್ಟಿ ಹೊತ್ತು ಒಣ ಮಣ್ಣು ತಂದು ತಂದು ಸುರಿದ. ಅಂಗಿ ಬೆವರಿಗೆ ಮೈಗಂಟಿತು, ಮೀಸೆಯೆಲ್ಲ ಧೂಳಾಯಿತು. ಇತ್ತ ದೊಡ್ಡ ಸಾಹೇಬರು ಬರುತ್ತಾರೆಂದು ಹೆಂಗಸರು ಕಂಬಕ್ಕೆ ಮಾವಿನ ತೋರಣ ಕಟ್ಟಿ, ಬುಡಕ್ಕೆ ರಂಗೋಲಿ ಹಾಕಿ, ಮತ್ತೆ ಕೊಡ ಎತ್ತಿಕೊಂಡರು.

"ಅಯ್ಯಯ್ಯೋ, ಬೇಡ್ರವ್ವಾ!" ಪರಶುರಾಮ ಎರಡೂ ಕೈ ಮುಗಿದ. "ಇವತ್ತೊಂದಿನ ಪಂಕ್ತಿಭೇದ ಮಾಡ್ರಿ, ಪಾಪ ನನಗಿರ್ಲಿ. ಮತ್ತೆ ಕೇಳ್ರಿ, ಸಾಹೇಬ್ರು ಬಂದಾಗ ನೀರಿನ ಸುದ್ದಿ ಎತ್ತಬ್ಯಾಡ್ರಿ. ನಾನೇ ಕೇಳಿದ್ರೂ ಹೇಳ್ಬ್ಯಾಡ್ರಿ. ನನ್ನ ಹೆಂಡ್ರು ಮಕ್ಕಳ ಅನ್ನ ನಿಮ್ಮ ಬಾಯಾಗೈತೆ!"

ಉಚ್ಚಂಗೆಮ್ಮನ ಕಣ್ಣು ತೇವವಾಯಿತು. "ನಮ್ಮಿಂದ ನಿಮಗೆ ಕೇಡಾಗ್ತೈತಾ ಸಾರ್? ಊರ ದೇವರಾಣೆ, ಕುತ್ತಿಗೆ ಕುಯ್ದ್ರೂ ಹೇಳಲ್ಲ" ಎಂದು ಎಲ್ಲರ ಕೈಯಲ್ಲೂ ಆಣೆ ಹಾಕಿಸಿದಳು.

ನಾಲ್ಕು ಗಂಟೆಗೆ ಜೀಪು ಬಂತು. ಗುರುಬಸವರಾಜ್ ಸಾಹೇಬರು ಇಳಿದು ಹಸಿರು ತಾಕನ್ನು ನೋಡಿದರು, ಅದರ ಮುಂದಿನ 'ಅ' ಬೋರ್ಡನ್ನು ನೋಡಿದರು. ಪಕ್ಕದ ಬಾಡಿದ ತಾಕನ್ನೂ ಅದರ 'ಬ' ಬೋರ್ಡನ್ನೂ ನೋಡಿದರು.

"ಭೇಷ್! ಇಪ್ಪತ್ತು ದಿನ ಮಳೆ ಇಲ್ಲದೆ ಹಿಂಗೈತೆ ಅಂದ್ರೆ ಸಾಮಾನ್ಯವಲ್ಲ. ಪುಡಿ ನಿಜವಾಗ್ಲೂ ಕೆಲಸ ಮಾಡಿದ್ರೆ ಬರೋ ವರ್ಷ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ನಾಲ್ಕೂ ತಾಲ್ಲೂಕಿಗೂ ಹಾಕೋಣ. ಮೇಲ್ವಿಚಾರಕ ನಮ್ಮ ಪರಶುರಾಮ್ ಇದ್ದೇ ಇದಾನೆ. ಲಕೋಟೆ ಕೊಡ್ರಿ ಮೇಡಂ."

ಪರಶುರಾಮ ಧೂಳಿನ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ವಿನಯದಿಂದ ಮುಂದೆ ಚಾಚಿದ. ಲಕೋಟೆ ಅವನ ಕೈಯನ್ನು ದಾಟಿ ಸಾಹೇಬರ ಕೈಗೆ ಹೋಯಿತು.

"ಯಾವ ಚೀಲದಲ್ಲಿ ಏನು ತುಂಬಿದ್ವಿ ಅನ್ನೋದು ಇದರಲ್ಲಿದೆ" ಎಂದು ಸಂಧ್ಯಾರಾಣಿ ವಿವರಿಸಿದರು. "ಹಾಕೋರಿಗೆ ಗೊತ್ತಾದ್ರೆ ಒಂದನ್ನೇ ಮುದ್ದು ಮಾಡಿಬಿಡ್ತಾರೆ. ಅದಕ್ಕೇ ಮೊಹರು ಮಾಡಿಟ್ಟಿದ್ದು."

ಸಾಹೇಬರು ಒಡೆದು ಓದಿದರು. "ಅ: ಬಿಳಿ ಮರಳು. ಬ: ಮೆಕ್ಕೆಜೋಳದ ದಂಟಿನಿಂದ ತಯಾರಿಸಿದ ಪುಡಿ."

ಸಂಧ್ಯಾರಾಣಿಯವರ ಮುಖ ಬಾಡಿದ ತಾಕಿನಂತೆಯೇ ಆಯಿತು. "ಐದು ವರ್ಷ" ಎಂದಷ್ಟೇ ಹೇಳಿ ಜೀಪಿನ ಕಡೆ ತಿರುಗಿದರು.

"ಮರಳು ಹಾಕಿದ್ದು ಬೆಳದೈತೆ, ಪುಡಿ ಹಾಕಿದ್ದು ಬಾಡೈತೆ. ಬ ಒಣಗೈತೆ ಅಂತ ಮೊಬೈಲೂ ಇಪ್ಪತ್ತು ದಿನದಿಂದ ಹೇಳ್ತಾ ಐತೆ. ಮುಗೀತು ಬಿಡ್ರಿ" ಎಂದರು ಸಾಹೇಬರು.

ಪರಶುರಾಮನಿಗೆ ಬಾಯಿಯಲ್ಲಿ ಬಿಸಿ ತುಪ್ಪ ಇಟ್ಟಂತಾಯಿತು. ಬೋರ್ಡು ಮುಟ್ಟದೆ ಸುಮ್ಮನಿದ್ದಿದ್ದರೆ ಹಸಿರು ತಾಕೇ 'ಬ', ಪುಡಿಯೇ ಗೆದ್ದಿತ್ತು, ನಾಲ್ಕು ತಾಲ್ಲೂಕೂ ಅವನ ಕೈಯಲ್ಲಿದ್ದವು! ಮೇಡಂ ಮುಖ ನೋಡಿ ಅವನಿಗೆ ತಡೆಯಲಾಗಲಿಲ್ಲ. ಕೆಲಸ ಹೋದರೆ ಹೋಗಲಿ ಎಂದು ಮುಂದೆ ಬಂದ.

"ಸಾರ್, ತಪ್ಪಾಯ್ತು. ಬೋರ್ಡು ಅದಲುಬದಲಾಗೈತೆ. ನಾನೇ ಬದಲಾಯಿಸ್ದೆ."

"ಎಂಥಾ ಮಾತು!" ಪಂಚಾಕ್ಷರಪ್ಪ ಸಿಡಿದೆದ್ದ. "ಬೋರ್ಡು ಎಲ್ಲಿರಬೇಕೋ ಅಲ್ಲೇ ಐತೆ ಸಾಹೇಬ್ರೇ. ಸ್ವತಃ ನಾನೇ ಹಗ್ಗ ಹಿಡಿದು, ದಿಕ್ಕು ನೋಡಿ ನಿಲ್ಲಿಸೀನಿ. ಎರಡು ಬೆರಳು ತಪ್ಪಿದ್ರೆ ನನ್ನ ಹೆಸರು ಪಂಚಾಕ್ಷರಪ್ಪ ಅಲ್ಲ!"

"ಹೌದ್ರಿ, ಸರಿಯಾಗೇ ಐತೆ" ಎಂದು ಹೆಂಗಸರು ಒಕ್ಕೊರಲಿನಿಂದ ಸಾಕ್ಷಿ ನುಡಿದರು.

"ಅದಲ್ಲ ಸಾರ್! ಇವ್ರು ಹಸಿರು ತಾಕಿಗೆ ದಿನಾ ನೀರು ಹಾಕ್ಯಾರೆ! ಕೇಳ್ರಿ ಬೇಕಾದ್ರೆ. ಉಚ್ಚಂಗೆವ್ವಾ, ನೀರು ಹಾಕ್ಲಿಲ್ಲೇನ್ರಿ? ಹೇಳ್ರಿ!"

ಉಚ್ಚಂಗೆಮ್ಮ ಅವನನ್ನು ಒಮ್ಮೆ ನೋಡಿದಳು. ಕಣ್ಣಿನಲ್ಲೇ 'ಹೆದರಬೇಡಿ' ಎಂದಳು. "ನೀರಾ? ಯಾವ ನೀರು ಸ್ವಾಮಿ? ಕುಡಿಯಾಕೇ ಇಲ್ಲ ನಮಗೆ. ಒಂದು ಹನಿ ಹಾಕಿಲ್ಲ!"

ಗುರುಬಸವರಾಜ್ ಸಾಹೇಬರು ಪರಶುರಾಮನ ಭುಜ ತಟ್ಟಿದರು. "ಕೆಲಸ ಉಳಿಸ್ಕಣಾಕೆ ಬಡ ಹೆಣ್ಮಕ್ಕಳ ಮ್ಯಾಲೆ ಸುಳ್ಳು ಹೇಳಬಾರ್ದು ಕಣಯ್ಯ. ತಿಂಗಳ ಕೊನೆಗೆ ಬಂದು ಸಾಮಾನೆಲ್ಲ ಒಪ್ಪಿಸಿ ಹೋಗು."

ಜೀಪು ಧೂಳೆಬ್ಬಿಸಿ ಹೋಯಿತು. ಪರಶುರಾಮ ಬೆಳಿಗ್ಗೆ ಕೂತಿದ್ದ ಬದುವಿನ ಮೇಲೇ ಮತ್ತೆ ಕುಸಿದ. ಉಚ್ಚಂಗೆಮ್ಮ ಹೆಮ್ಮೆಯಿಂದ ಬಂದು ನಿಂತಳು.

"ನೋಡಿದ್ರಾ ಸಾರ್? ನೀವು ಎಷ್ಟು ಪರೀಕ್ಷೆ ಮಾಡಿದ್ರೂ ನಾವು ಬಾಯಿ ಬಿಡ್ಲಿಲ್ಲ."

ಅವಳು ಬಾಡಿದ ತಾಕಿನ ಮುಂದಿದ್ದ 'ಬ' ಬೋರ್ಡನ್ನು ನೋಡಿ, "ಪಾಪ, ಈಗ ಇದಕ್ಕೆ ಹೊಟ್ಟು ಅಂತ ಆತಲ್ಲ" ಎಂದು ಕೊಡ ಬಗ್ಗಿಸಿ ನೀರು ಹೊಯ್ದಳು. ಕೊನೆಗೆ ಉಳಿದ ಒಂದು ಚೆಂಬು ನೀರನ್ನು ಪರಶುರಾಮನ ಮುಂದೆ ಹಿಡಿದಳು.

"ನೀವೂ ಕುಡೀರಿ ಸಾರ್. ಒಂದೇ ಸಾಲಿನಾಗೆ ಕುಂತೀರಿ."